ಹಾಡಿನೊಳಗಿನ ‘ನಾನು’

ಒಬ್ಬರು ಕಟ್ಟಿ ಹಾಡಿದ ಹಾಡನ್ನು ಇನ್ನೊಬ್ಬರು ಹಾಡಿದಾಗ, ಆ ಎರಡನೆಯ ಹಾಡಿಕೆ ಮೊದಲಿನದಕ್ಕೆ ಸಾಟಿಯೆಂದು, ಕೆಲವೊಮ್ಮೆ ಅದಕ್ಕಿಂತಲೂ ಮೇಲೆಂದು ಕೇಳುಗರು ಒಪ್ಪಿಕೊಳ್ಳುವುದು ಸಂಗೀತದ ಇತಿಹಾಸದಲ್ಲಿ ಅಪರೂಪವೇನಲ್ಲ. ಪಾಶ್ಚಾತ್ಯ ಜನಪ್ರಿಯ ಸಂಗೀತದಲ್ಲಿ ಇಂಥ ಮರುಗಾಯನವನ್ನು ‘ಕವರ್’ ಎಂದು ಕರೆಯುತ್ತಾರೆ. ಭಾರತದ ಶಾಸ್ತ್ರೀಯ ಮತ್ತು ಭಕ್ತಿಸಂಗೀತದಲ್ಲಿ ಹಾಡುವುದೆಲ್ಲ ಬಹುಮಟ್ಟಿಗೆ ಹಿಂದಿನವರು ಕಟ್ಟಿಟ್ಟದ್ದೇ ಆದ್ದರಿಂದ ಅದಕ್ಕೊಂದು ಬೇರೆ ಹೆಸರಿನ ಅಗತ್ಯವೇ ಬೀಳಲಿಲ್ಲ. ಸಂಗತಿ ಇಷ್ಟು ಪರಿಚಿತವಾಗಿರುವುದರಿಂದಲೇ ಅದರೊಳಗಿನ ತಾತ್ತ್ವಿಕ ತೊಡಕು ಸುಲಭವಾಗಿ ಕಣ್ತಪ್ಪುತ್ತದೆ. ಎರಡನೆಯ ಹಾಡಿಕೆ ತನ್ನಲ್ಲಿರುವುದನ್ನೆಲ್ಲ ಮೂಲದಿಂದಲೇ ಪಡೆದಿದ್ದರೆ ಮೂಲದಲ್ಲಿಲ್ಲದ ಹಿರಿಮೆ ಅದಕ್ಕೆ ಎಲ್ಲಿಂದ ಬಂತು ಎಂಬುದು ಒಂದು ಪ್ರಶ್ನೆಯಾದರೆ, ಆ ಹಿರಿಮೆ ಮೂಲದಲ್ಲೇ ಅಡಗಿತ್ತೆಂದು ಹೇಳಿದ ಕೂಡಲೇ ಹಾಡನ್ನು ಕಟ್ಟಿದವರ ಕೈಗೇ ಅದು ಏಕೆ ಸಿಗಲಿಲ್ಲ ಎಂಬ ಇನ್ನೊಂದು ಪ್ರಶ್ನೆ ಎದ್ದು ನಿಲ್ಲುತ್ತದೆ. ಹಾಡು ಪ್ರಾರ್ಥನೆಯೋ ತಪ್ಪೊಪ್ಪಿಗೆಯೋ ಆಗಿದ್ದಾಗಲಂತೂ ಪ್ರಶ್ನೆ ಇನ್ನಷ್ಟು ಬಿಗಿಯಾಗುತ್ತದೆ. ದೇವರ ಮುಂದೆ ಒಬ್ಬರು ಆಡಿದ ಮಾತನ್ನು ಇನ್ನೊಬ್ಬರು ಹೆಚ್ಚು ನಿಜವಾಗಿ ಆಡಬಲ್ಲರೆಂದು ಒಪ್ಪಿದ ಮೇಲೆ, ಆ ಮಾತು ಯಾರದು ಎಂದು ಕೇಳದೆ ಮುಂದೆ ಹೋಗಲಾಗದು.

ಮೂಲವೂ ಮರುಗಾಯನವೂ ಧ್ವನಿಮುದ್ರಣದಲ್ಲಿ ಉಳಿದಿದ್ದು, ಎರಡನ್ನೂ ಕೇಳಿ ತೂಗಿ ನೋಡಲು ಸಾಧ್ಯವಿರುವ ನಿದರ್ಶನಗಳಲ್ಲಿ ಅಮೆರಿಕದ ‘ಹರ್ಟ್’ ಎಂಬ ಹಾಡು ಮುಖ್ಯವಾದದ್ದು. ಅದನ್ನು ಬರೆದವರು ಟ್ರೆಂಟ್ ರೆಜ್ನರ್. ಅವರ ‘ನೈನ್ ಇಂಚ್ ನೇಲ್ಸ್’ ತಂಡ 1994ರಲ್ಲಿ ಹೊರತಂದ ‘ದ ಡೌನ್‌ವರ್ಡ್ ಸ್ಪೈರಲ್’ ಆಲ್ಬಮ್ಮಿನ ಕೊನೆಯ ಹಾಡು ಅದು. ರೆಜ್ನರ್ ಅವರಿಗೆ ಆಗ ಇನ್ನೂ ಮೂವತ್ತು ತುಂಬಿರಲಿಲ್ಲ. ಮಾದಕ ವ್ಯಸನದ ನೆರಳಿನಲ್ಲಿ ನಿಂತ ಯುವಕನೊಬ್ಬನ ಆತ್ಮಧಿಕ್ಕಾರ ಆ ಹಾಡಿನ ವಸ್ತು. ಪಿಸುಮಾತಿಗೆ ಹತ್ತಿರವಾದ ದನಿ, ಅದರ ಅಡಿಯಲ್ಲಿ ಬೇಕೆಂದೇ ಕಿವಿಗೆ ಒಗ್ಗದಂತೆ ಜೋಡಿಸಿದ ಗಿಟಾರಿನ ಸ್ವರಗಳು, ಕೊನೆಯಲ್ಲಿ ಒಮ್ಮೆಗೇ ಅಪ್ಪಳಿಸುವ ಗದ್ದಲ, ಇವೆಲ್ಲ ಸೇರಿ ಒಳಗೆ ಏನೋ ಮುರಿದುಹೋಗಿದೆಯೆಂಬುದನ್ನು ಕೇಳುಗನಿಗೆ ಮುಟ್ಟಿಸುತ್ತವೆ. ಇದೇ ಹಾಡನ್ನು 2002ರಲ್ಲಿ ಜಾನಿ ಕ್ಯಾಷ್ ಅವರು, ನಿರ್ಮಾಪಕ ರಿಕ್ ರೂಬಿನ್ ಅವರ ಒತ್ತಾಸೆಯಿಂದ, ‘ಅಮೆರಿಕನ್ 4’ ಎಂಬ ಆಲ್ಬಮ್ಮಿಗಾಗಿ ಹಾಡಿದರು. ಕ್ಯಾಷ್ ಅವರು ಕಂಟ್ರಿ ಎಂಬ ಗ್ರಾಮೀಣ ಮೂಲದ ಗಾಯನಪದ್ಧತಿಯ ಹಿರಿಯರು. ಹರೆಯದಲ್ಲಿ ಮಾತ್ರೆಗಳ ಚಟಕ್ಕೆ ಬಿದ್ದು ಬಳಲಿದವರು, ನಂಬಿಕೆಯಿಂದ ಕ್ರೈಸ್ತರು, ಬೈಬಲ್ಲಿನ ಹೊಸ ಒಡಂಬಡಿಕೆಯನ್ನು ಇಡಿಯಾಗಿ ಓದಿ ಧ್ವನಿಮುದ್ರಿಸಿದವರು. ಹಾಡಿದಾಗ ಅವರ ವಯಸ್ಸು ಎಪ್ಪತ್ತು, ಮೈಯಲ್ಲಿ ಕಾಯಿಲೆ.

ಎರಡು ಹಾಡಿಕೆಗಳನ್ನು ಒಂದರ ಪಕ್ಕ ಒಂದಿಟ್ಟು ಕೇಳಿದರೆ ಕ್ಯಾಷ್ ಮಾಡಿದ ಬದಲಾವಣೆಗಳು ಎಷ್ಟು ಕಡಿಮೆಯೆಂದು ಅಚ್ಚರಿಯಾಗುತ್ತದೆ. ಮೂಲದಲ್ಲಿದ್ದ ಆ ಒಗ್ಗದ ಸ್ವರ ಹೋಗಿ ಸರಳವಾದ ಗಿಟಾರಿನ ಮೀಟು ಬಂದಿದೆ; ಪಲ್ಲವಿಯಂತೆ ಮರಳಿ ಬರುವ ಭಾಗದಲ್ಲಿ ಪಿಯಾನೋ ಒಂದೇ ಸ್ವರವನ್ನು ಬಿಡದೆ ಬಡಿಯುತ್ತ ಕೊನೆಗೆ ದನಿಯನ್ನೇ ಮುಳುಗಿಸುವಷ್ಟು ಏರುತ್ತದೆ; ಕೊರಳು ಅಲ್ಲಲ್ಲಿ ನಡುಗುತ್ತದೆ, ಆ ನಡುಕವನ್ನು ಮರೆಮಾಚುವ ಯತ್ನವಿಲ್ಲ. ಮಾತಿನಲ್ಲಿ ಬದಲಾದದ್ದು ಒಂದೇ ಪದ. ರೆಜ್ನರ್ ಅವರ ಯುವಕ ತನ್ನ ತಲೆಯ ಮೇಲಿನ ಕಿರೀಟವನ್ನು ಹೊಲಸಿನದೆಂದು ಹಳಿದುಕೊಂಡಿದ್ದರೆ, ಕ್ಯಾಷ್ ಅದನ್ನು ಮುಳ್ಳಿನ ಕಿರೀಟವೆಂದು ಹಾಡಿದರು. ಶಿಲುಬೆಗೇರುವ ಮುನ್ನ ಯೇಸುವಿನ ತಲೆಗೆ ತೊಡಿಸಿದ್ದು ಮುಳ್ಳಿನ ಕಿರೀಟ. ಅಶ್ಲೀಲ ಪದವೊಂದನ್ನು ತಪ್ಪಿಸಲು ಮಾಡಿದಂತೆ ತೋರುವ ಈ ತಿದ್ದುಪಡಿಯಿಂದ ಆತ್ಮಧಿಕ್ಕಾರದ ಹಾಡು ಪಶ್ಚಾತ್ತಾಪದ ಹಾಡಾಯಿತು. ಇಪ್ಪತ್ತರ ಹರೆಯದವನು ತಾನು ಪ್ರೀತಿಸಿದವರೆಲ್ಲ ದೂರವಾಗುತ್ತಾರೆಂದರೆ ಅದು ಭಯ. ಎಪ್ಪತ್ತರವನು ಅದೇ ಮಾತನ್ನು ಆಡಿದರೆ ಅದು ಲೆಕ್ಕ ಒಪ್ಪಿಸುವ ಕ್ರಮ. ಹಾಡಿನ ದೃಶ್ಯರೂಪವನ್ನು ಮಾರ್ಕ್ ರೊಮಾನೆಕ್ ಅವರು ಮುಚ್ಚಿಹೋಗಿದ್ದ ಕ್ಯಾಷ್ ವಸ್ತುಸಂಗ್ರಹಾಲಯದಲ್ಲಿ ಚಿತ್ರಿಸಿದರು; ಅದರಲ್ಲಿ ಗಂಡನನ್ನು ನೋಡುತ್ತ ನಿಂತಿರುವ ಜೂನ್ ಕಾರ್ಟರ್ 2003ರ ಮೇ ತಿಂಗಳಲ್ಲಿ ತೀರಿಕೊಂಡರು, ನಾಲ್ಕು ತಿಂಗಳ ಬಳಿಕ ಕ್ಯಾಷ್ ಕೂಡ. ರೆಜ್ನರ್ ಅವರಿಗೆ ತಮ್ಮ ಅತ್ಯಂತ ಖಾಸಗಿಯಾದ ಹಾಡು ಇನ್ನೊಬ್ಬರ ಬಾಯಿಗೆ ಹೋದದ್ದು ಮೊದಲು ಕಸಿವಿಸಿ ತಂದಿತ್ತು; ದೃಶ್ಯರೂಪವನ್ನು ನೋಡಿದ ಮೇಲೆ ಆ ಹಾಡು ಇನ್ನು ತಮ್ಮದಾಗಿ ಉಳಿದಿಲ್ಲವೆಂದು ಅವರು ಬಹಿರಂಗವಾಗಿಯೇ ಹೇಳಿದರು.

ಇಲ್ಲೊಂದು ಆಕ್ಷೇಪ ಬರುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಕ್ಯಾಷ್ ಅವರ ಬದುಕು, ಕಾಯಿಲೆ, ಸಾವು ಇವೆಲ್ಲ ತಿಳಿದಿರುವುದರಿಂದಲೇ ಕೇಳುಗ ಕರಗುತ್ತಾನೆ, ಅವನು ಮೆಚ್ಚುತ್ತಿರುವುದು ಹಾಡನ್ನಲ್ಲ, ಹಾಡಿದವನ ಜೀವನಚರಿತ್ರೆಯನ್ನು ಎಂಬುದೇ ಆ ಆಕ್ಷೇಪ. ಹಾಡೆಂಬುದು ಸ್ವರಗಳ ಜೋಡಣೆ ಮಾತ್ರವಾಗಿದ್ದರೆ ಇದು ಸರಿಯಾದ ಮಾತು. ಆದರೆ ‘ನಾನು’ ಎಂದು ಮಾತಾಡುವ ಹಾಡು ಸ್ವರಗಳ ಜೋಡಣೆಯಾಗಿರುವಷ್ಟೇ ಒಂದು ನುಡಿಕ್ರಿಯೆಯೂ ಹೌದು, ಎಂದರೆ ಆಡುವುದೇ ಮಾಡುವುದಾಗಿರುವ ಮಾತು. ಪ್ರತಿಜ್ಞೆ, ಕ್ಷಮಾಯಾಚನೆ, ಶರಣಾಗತಿ ಈ ಜಾತಿಗೆ ಸೇರಿದವು. ಇಂಥ ಮಾತಿನ ತೂಕ ಪದಗಳಲ್ಲಿ ಎಷ್ಟಿರುತ್ತದೋ ಆಡಿದವರಲ್ಲಿಯೂ ಅಷ್ಟೇ ಇರುತ್ತದೆ. ರೆಜ್ನರ್ ಬರೆದ ಪದಗಳಿಗೆ ಅವರ ಆಗಿನ ಬದುಕು ಹೊರಲಾಗದಷ್ಟು ಅರ್ಥವಿತ್ತು. ಆ ಅರ್ಥಕ್ಕೆ ಹೊಣೆ ನಿಲ್ಲಬಲ್ಲ ಬದುಕೊಂದು ಎಂಟು ವರ್ಷಗಳ ನಂತರ ಬಂದು ಅದನ್ನು ಆಡಿತು. ಹಾಗೆಂದು ಮೂಲ ಸಣ್ಣದಾಗಲಿಲ್ಲ; ಹರೆಯದ ಕತ್ತಲೆಯಲ್ಲಿರುವವನಿಗೆ ಇಂದಿಗೂ ರೆಜ್ನರ್ ಅವರದೇ ಹೆಚ್ಚು ನಿಜವಾಗಿ ಕೇಳಿಸಬಹುದು, ಹಾಗೆ ಕೇಳಿಸುವುದು ನ್ಯಾಯವೂ ಹೌದು.

ಎರಡು ಹಾಡಿಕೆಗಳು ಒಂದೇ ಹಾಡೋ ಬೇರೆಯೋ ಎಂಬ ಪ್ರಶ್ನೆಯನ್ನು ಭಾರತೀಯ ದರ್ಶನಗಳು ಸಂಗೀತದ ಸಂದರ್ಭದಲ್ಲಲ್ಲದಿದ್ದರೂ ಶಬ್ದದ ಸಂದರ್ಭದಲ್ಲಿ ತೀಕ್ಷ್ಣವಾಗಿ ಚರ್ಚಿಸಿವೆ. ಮೀಮಾಂಸಕರ ಪ್ರಕಾರ ಶಬ್ದ ನಿತ್ಯ; ಉಚ್ಚಾರಣೆ ಅದನ್ನು ಹುಟ್ಟಿಸುವುದಿಲ್ಲ, ಇದ್ದದ್ದನ್ನು ಹೊರಗೆ ತೋರಿಸುತ್ತದೆ, ಇದಕ್ಕೆ ಅಭಿವ್ಯಕ್ತಿ ಎಂದು ಹೆಸರು. ನಿನ್ನೆ ಕೇಳಿದ ಅಕ್ಷರವನ್ನೇ ಇಂದೂ ಕೇಳುತ್ತಿದ್ದೇನೆಂಬ ಗುರುತಿಸುವಿಕೆ, ಅಂದರೆ ಪ್ರತ್ಯಭಿಜ್ಞೆ, ಇದಕ್ಕೆ ಅವರು ಕೊಡುವ ಪ್ರಮಾಣ. ನೈಯಾಯಿಕರು ಒಪ್ಪುವುದಿಲ್ಲ: ಶಬ್ದ ಹುಟ್ಟಿ ಅಳಿಯುವಂಥದು, ಪ್ರತಿ ಉಚ್ಚಾರಣೆಯೂ ಹೊಸತು, ದೀಪದ ಕುಡಿ ಕ್ಷಣಕ್ಷಣಕ್ಕೂ ಬೇರೆಯಾಗಿದ್ದರೂ ಅದೇ ಕುಡಿಯೆಂದು ತೋರುವಂತೆ ಇಲ್ಲಿಯೂ ಸಾದೃಶ್ಯದಿಂದ ಅದೇ ಎಂಬ ಬುದ್ಧಿ ಹುಟ್ಟುತ್ತದೆ ಎನ್ನುತ್ತಾರೆ. ಮೀಮಾಂಸೆಯ ಪಕ್ಷವನ್ನು ಹಾಡಿಗೆ ಅನ್ವಯಿಸಿದರೆ ಹಾಡು ಯಾರ ಹಾಡಿಕೆಯಲ್ಲೂ ಮುಗಿದುಹೋಗದ ಒಂದು ವಸ್ತು, ಕಟ್ಟಿದವರೂ ಅದರ ಮೊದಲ ಅಭಿವ್ಯಂಜಕರು ಮಾತ್ರ, ನಂತರದವರು ಅದನ್ನು ಹೆಚ್ಚು ಸ್ಫುಟವಾಗಿ ತೋರಿಸಬಲ್ಲರು ಎಂದಾಗುತ್ತದೆ. ಮರುಗಾಯನ ಮೂಲವನ್ನು ಮೀರುವುದು ಹೇಗೆಂಬುದು ಇದರಿಂದ ತಿಳಿಯುತ್ತದೆ, ಆದರೆ ಕ್ಯಾಷ್ ತಮ್ಮದೇ ಎಂಬಂತೆ ತಂದದ್ದು ಏನೂ ಇಲ್ಲವೆಂದೂ ಆಗುತ್ತದೆ. ನ್ಯಾಯದ ಪಕ್ಷ ಹಿಡಿದರೆ ಹೊಸತು ಬಂದದ್ದನ್ನು ವಿವರಿಸಬಹುದು, ಆದರೆ ಎರಡು ಹಾಡಿಕೆಗಳ ನಡುವಿನ ನಂಟು ಬರಿಯ ಹೋಲಿಕೆಗೆ ಇಳಿಯುತ್ತದೆ. ಮರುಗಾಯನವನ್ನು ಕೇಳುವಾಗ ಮೈ ಝುಮ್ಮೆನ್ನುವುದು ಹೋಲಿಕೆಯಿಂದಲ್ಲ, ಗೊತ್ತಿದ್ದ ಅದೇ ಹಾಡು ತನಗೆ ಇಷ್ಟು ದಿನ ಗೊತ್ತೇ ಇರಲಿಲ್ಲವೆಂಬ ಅರಿವಿನಿಂದ. ಈ ಅನುಭವದಲ್ಲಿ ಅಭೇದವೂ ಹೊಸತನವೂ ಒಟ್ಟಿಗೇ ಇವೆ, ಒಂದನ್ನು ಬಿಟ್ಟರೆ ಇನ್ನೊಂದು ನಿಲ್ಲುವುದಿಲ್ಲ.

ಶಬ್ದ ನಿತ್ಯವೆಂದ ಪರಂಪರೆಯೇ ಪಾಠದ ವಿಷಯದಲ್ಲಿ ಅತ್ಯಂತ ಕಟ್ಟುನಿಟ್ಟಾಗಿತ್ತೆಂಬುದು ಇಲ್ಲಿ ನೆನಪಿಡಬೇಕಾದ ಸಂಗತಿ. ವೇದಮಂತ್ರದ ಒಂದು ಸ್ವರವೂ ಹೆಚ್ಚುಕಡಿಮೆಯಾಗಬಾರದೆಂದು ಪದ, ಕ್ರಮ, ಜಟಾ, ಘನ ಎಂಬ ಪಾಠಕ್ರಮಗಳು, ಎಂದರೆ ಪದಗಳನ್ನು ಬಿಡಿಸಿ, ಜೋಡಿಸಿ, ಹಿಂದುಮುಂದಾಗಿ ಹೆಣೆದು ಹೇಳುವ ಅಭ್ಯಾಸಗಳು ಬೆಳೆದವು. ಪಾಣಿನೀಯ ಶಿಕ್ಷೆ ಎಂಬ ಉಚ್ಚಾರಣಾಶಾಸ್ತ್ರದ ಗ್ರಂಥ ಆರು ಬಗೆಯ ಅಧಮ ಪಾಠಕರನ್ನು ಹೆಸರಿಸುವಾಗ ಮೊದಲು ಇಡುವುದು ಮಂತ್ರವನ್ನು ರಾಗ ಎಳೆದು ಹಾಡುವವನನ್ನು. ಅವಸರಪಡುವವನು, ತಲೆಯಾಡಿಸುವವನು, ಬರೆದದ್ದನ್ನು ನೋಡಿ ಓದುವವನು ಎಲ್ಲರೂ ಅವನ ನಂತರ ಬರುತ್ತಾರೆ. ತ್ವಷ್ಟೃವು ಇಂದ್ರನನ್ನು ಕೊಲ್ಲುವ ಮಗನನ್ನು ಬಯಸಿ ಆಹುತಿ ಕೊಡುವಾಗ ಒಂದು ಪದದ ಸ್ವರ ತಪ್ಪಿ, ಹುಟ್ಟಿದ ವೃತ್ರ ಇಂದ್ರನಿಂದಲೇ ಹತನಾದನೆಂಬ ಕಥೆ ಈ ಎಚ್ಚರವನ್ನು ತಲೆಮಾರುಗಳಿಗೆ ಕಲಿಸಿತು. ಇಂಥ ಪರಂಪರೆಯಲ್ಲಿ ಮೂಲವನ್ನು ಮೀರುವ ಪಾಠವೆಂಬ ಮಾತಿಗೇ ಜಾಗವಿಲ್ಲ ಎನಿಸುವುದು ಸಹಜ.

ಆದರೆ ಅದೇ ವೇದರಾಶಿಯೊಳಗೆ ಸಾಮವೇದವೂ ಇದೆ. ಸಾಮವೇದದ ಮಂತ್ರಗಳಲ್ಲಿ ಕೆಲವೇ ಕೆಲವನ್ನು ಬಿಟ್ಟರೆ ಉಳಿದವೆಲ್ಲ ಋಗ್ವೇದದಿಂದ ಬಂದವು. ಅವುಗಳನ್ನು ಸಾಮವನ್ನಾಗಿ ಮಾಡುವುದು ಹಾಡಿಕೆ. ಸಾಮವೆಂಬುದು ಗೀತಿಯ ಹೆಸರೆಂದು ಜೈಮಿನಿ ತಮ್ಮ ಮೀಮಾಂಸಾಸೂತ್ರದಲ್ಲಿ ಸ್ಪಷ್ಟವಾಗಿ ಹೇಳುತ್ತಾರೆ, ಛಾಂದೋಗ್ಯ ಉಪನಿಷತ್ತು ಸಾಮವು ಋಕ್ಕಿನ ಮೇಲೆ ನೆಲೆಸಿದೆ ಎನ್ನುತ್ತದೆ. ಅಗ್ನಿಯನ್ನು ಕರೆಯುವ ಸಾಮವೇದದ ಮೊದಲ ಮಂತ್ರ ಋಗ್ವೇದದ ಆರನೆಯ ಮಂಡಲದ್ದು; ಅದನ್ನು ಸಾಮವಾಗಿ ಹಾಡುವಾಗ ಮೊದಲ ಪದದ ಸ್ವರಾಕ್ಷರವೇ ಬದಲಾಗುತ್ತದೆ, ಅಕ್ಷರಗಳು ಹಿಗ್ಗುತ್ತವೆ, ಒಡೆಯುತ್ತವೆ, ಸ್ತೋಭವೆಂದು ಕರೆಯುವ ಅರ್ಥವಿಲ್ಲದ ಧ್ವನಿಗಳು ನಡುವೆ ಸೇರುತ್ತವೆ. ಋಕ್ಕನ್ನು ಋಕ್ಕಾಗಿ ಹೇಳುವವನು ಮಾಡಿದರೆ ಅಪರಾಧವಾಗುವುದೆಲ್ಲ ಇಲ್ಲಿ ವಿಧಿ. ಸಾಮಗಾನವೂ ಅಷ್ಟೇ ಬಿಗಿಯಾದ ನಿಯಮಗಳಿಗೆ ಒಳಪಟ್ಟದ್ದೆಂಬುದು ನಿಜ. ಆದರೂ ಮೂಲದ ಮಾತನ್ನು ಇನ್ನೊಂದು ಬಗೆಯಲ್ಲಿ ಹಾಡಿ ಅದಕ್ಕೆ ಬೇರೆ ವೇದವೆಂಬ ಪದವಿಯನ್ನೇ ಕೊಟ್ಟ ಪರಂಪರೆ, ಅದರಲ್ಲೂ ವೇದಗಳಲ್ಲಿ ತಾನು ಸಾಮವೇದವೆಂದು ಗೀತೆಯಲ್ಲಿ ಕೃಷ್ಣನಿಂದ ಹೇಳಿಸಿದ ಪರಂಪರೆ, ಮರುಗಾಯನವನ್ನು ಕೀಳೆಂದು ಎಣಿಸಿರಲಿಲ್ಲವೆಂಬುದರಲ್ಲಿ ಸಂಶಯವಿಲ್ಲ.

ಈ ವಿಷಯದಲ್ಲಿ ಶಾಸ್ತ್ರಕಾರರ ಸೂಕ್ಷ್ಮತೆ ಎಷ್ಟೆಂಬುದು ಹದಿಮೂರನೆಯ ಶತಮಾನದ ಶಾರ್ಙ್ಗದೇವರ ‘ಸಂಗೀತರತ್ನಾಕರ’ದಿಂದ ತಿಳಿಯುತ್ತದೆ. ದೇವಗಿರಿಯ ಯಾದವ ದೊರೆ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವರು ಹಾಡಿನ ಸಾಹಿತ್ಯವನ್ನು ‘ಮಾತು’ ಎಂದೂ ಅದರ ಸಂಗೀತವನ್ನು ‘ಧಾತು’ ಎಂದೂ ಬೇರ್ಪಡಿಸಿ, ಎರಡನ್ನೂ ರಚಿಸಬಲ್ಲವನನ್ನು ವಾಗ್ಗೇಯಕಾರನೆಂದು ಕರೆಯುತ್ತಾರೆ. ಗಾಯಕರನ್ನು ಅವರು ಐದು ಬಗೆಯಾಗಿ ವಿಂಗಡಿಸುವ ಭಾಗ ಪ್ರಸ್ತುತ ಚರ್ಚೆಗೆ ಇನ್ನೂ ಹತ್ತಿರದ್ದು. ಶಿಕ್ಷಾಕಾರ ಕಲಿಸಬಲ್ಲವನು, ಅನುಕಾರ ಇನ್ನೊಬ್ಬರ ಧಾಟಿಯನ್ನು ಅನುಸರಿಸುವವನು, ರಸಿಕ ತಾನೇ ರಸದಲ್ಲಿ ಮುಳುಗುವವನು, ರಂಜಕ ಕೇಳುಗರನ್ನು ತಣಿಸುವವನು, ಐದನೆಯವನಾದ ಭಾವುಕ ಗೀತಕ್ಕೆ ಅತಿಶಯವನ್ನು ತರುವವನು, ಎಂದರೆ ಗೀತದಲ್ಲಿ ಮೊದಲಿದ್ದುದಕ್ಕಿಂತ ಮಿಗಿಲಾದುದನ್ನು ಅದರಲ್ಲಿ ಇಡುವವನು. ಇಲ್ಲಿ ಅತಿಶಯ ಬರುವುದು ಗಾಯಕನಿಂದಾದರೂ ಅದು ಸೇರುವುದು ಗೀತಕ್ಕೆ. ಗಾಯಕ ಮೆರೆದು ಗೀತ ಹಿಂದೆ ಸರಿದರೆ ಅವನು ರಂಜಕನಾಗಬಹುದು, ಭಾವುಕನಾಗಲಾರ. ಮೂಲವನ್ನು ಮೀರಿದ್ದೆಂದು ಹೊಗಳಿಸಿಕೊಳ್ಳುವ ಅನೇಕ ಮರುಗಾಯನಗಳು ಕೊರಳಿನ ಏರಿಳಿತದ ಪ್ರದರ್ಶನವಾಗಿ ಕೊನೆಗೊಳ್ಳುವುದನ್ನು ಕಂಡವರಿಗೆ ಈ ಭೇದ ಎಷ್ಟು ಅಗತ್ಯವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಕಾವ್ಯದ ವಿಷಯದಲ್ಲಿ ಇದೇ ಸಮಸ್ಯೆಯನ್ನು ಎದುರಿಸಿದವರು ಆನಂದವರ್ಧನ ಮತ್ತು ಅವರ ನಂತರದ ರಾಜಶೇಖರ. ಒಬ್ಬ ಕವಿಯ ಅರ್ಥ ಇನ್ನೊಬ್ಬನಲ್ಲಿ ಕಾಣಿಸಿಕೊಂಡಾಗ ಆ ಸಾಮ್ಯ ಕನ್ನಡಿಯ ಪ್ರತಿಬಿಂಬದಂತಿರಬಹುದು, ಚಿತ್ರದಂತಿರಬಹುದು, ಅಥವಾ ಒಂದನ್ನೊಂದು ಹೋಲುವ ಎರಡು ಜೀವಂತ ದೇಹಗಳಂತಿರಬಹುದು ಎಂದು ಆನಂದವರ್ಧನರು ‘ಧ್ವನ್ಯಾಲೋಕ’ದಲ್ಲಿ ಹೇಳಿ, ಮೊದಲ ಎರಡನ್ನು ಬಿಡಬೇಕು, ಮೂರನೆಯದನ್ನು ಬಿಡಬೇಕಾಗಿಲ್ಲ, ಏಕೆಂದರೆ ಅದರಲ್ಲಿ ಬೇರೆಯ ಆತ್ಮವಿದೆ ಎನ್ನುತ್ತಾರೆ. ಹತ್ತನೆಯ ಶತಮಾನದ ಹೊತ್ತಿಗೆ ‘ಕಾವ್ಯಮೀಮಾಂಸೆ’ ಬರೆದ ರಾಜಶೇಖರರು ಇವುಗಳಿಗೆ ನಾಲ್ಕನೆಯದೊಂದನ್ನು ಸೇರಿಸಿದರು, ಅದು ಪರಪುರಪ್ರವೇಶ. ‘ಪುರ’ವೆಂದರೆ ಇಲ್ಲಿ ದೇಹ, ಯೋಗಿ ಇನ್ನೊಬ್ಬರ ದೇಹವನ್ನು ಹೊಕ್ಕು ಅದರ ಮೂಲಕ ಬದುಕುವುದು ಈ ಹೆಸರಿನ ಅಕ್ಷರಾರ್ಥ. ರಾಜಶೇಖರರು ಹೇಳುತ್ತಿದ್ದದ್ದು ಕವಿಗಳ ಕುರಿತಾದರೂ ಮರುಗಾಯನಕ್ಕೆ ಈ ಹೆಸರಿಗಿಂತ ಸರಿಹೊಂದುವ ವರ್ಣನೆ ಸಿಗುವುದು ಕಷ್ಟ. ಕ್ಯಾಷ್ ಅವರ ಹಾಡಿಕೆಯಲ್ಲಿ ದೇಹ ರೆಜ್ನರ್ ಅವರದೇ, ಸಾಲುಗಳು ಅವೇ, ನಡಿಗೆ ಬಹುಮಟ್ಟಿಗೆ ಅದೇ. ಒಳಗಿನಿಂದ ನೋಡುತ್ತಿರುವವರು ಮಾತ್ರ ಬೇರೆ.

ರಸಸಿದ್ಧಾಂತದ ಸಾಧಾರಣೀಕರಣವೆಂಬ ಪರಿಕಲ್ಪನೆ ಈ ಜಾಗದಲ್ಲಿ ಸಾಲದೆಂದು ತೋರುತ್ತದೆ. ಭಟ್ಟನಾಯಕರು ಹೇಳಿ ಅಭಿನವಗುಪ್ತರು ಬೆಳೆಸಿದ ಆ ತತ್ತ್ವದಂತೆ ಕಾವ್ಯದಲ್ಲಿನ ಭಾವ ಇಂಥವನದೆಂಬ ಕಟ್ಟಿನಿಂದ ಬಿಡುಗಡೆಗೊಂಡು ಎಲ್ಲರದೂ ಆಗುತ್ತದೆ. ಕೇಳುಗನ ಮಟ್ಟಿಗೆ ಇದು ನಿಜ, ಆದರೆ ಹಾಡುವವರ ಮಟ್ಟಿಗೆ ನಡೆಯುವುದು ಬಹುಶಃ ಇದರ ಹಿಮ್ಮೊಗದ ಕ್ರಿಯೆ: ಎಲ್ಲರದೂ ಆಗಿದ್ದ ‘ನಾನು’ ಮತ್ತೆ ಒಬ್ಬರದಾಗುತ್ತದೆ, ಇಂಥ ವಯಸ್ಸಿನ, ಇಂಥ ಪಾಪಗಳ, ಇಂಥ ಕೊರಳಿನ ಒಬ್ಬರು ಅದನ್ನು ಹೊರುತ್ತಾರೆ. ಹಾಡು ಉಳಿಯಬೇಕಾದರೆ ಈ ಎರಡೂ ಚಲನೆಗಳು ಬೇಕು.

ಇಲ್ಲಿಂದ ಹರಿದಾಸರ ಪದಗಳತ್ತ ಬಂದರೆ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ, ಏಕೆಂದರೆ ಅಲ್ಲಿ ಹೋಲಿಸಿ ನೋಡಲು ಮೂಲದ ಹಾಡಿಕೆಯೇ ಇಲ್ಲ. 1484ರಿಂದ 1564ರವರೆಗೆ ಬಾಳಿದರೆಂದು ಸಂಪ್ರದಾಯ ಹೇಳುವ ಪುರಂದರದಾಸರು ನಾಲ್ಕು ಲಕ್ಷ ಎಪ್ಪತ್ತೈದು ಸಾವಿರ ಪದಗಳನ್ನು ರಚಿಸಿದರೆಂಬ ಪ್ರತೀತಿಯಿದೆ. ಉಳಿದುಬಂದಿರುವುದು ಅದರ ಒಂದು ಸಣ್ಣ ಪಾಲು. ಉಳಿದವುಗಳಲ್ಲಿಯೂ ‘ಮಾತು’ ಬಂದಿದೆ, ‘ಧಾತು’ ಬಂದಿಲ್ಲ. ಹಸ್ತಪ್ರತಿಗಳಲ್ಲಿ ಪದದ ತಲೆಯ ಮೇಲೆ ರಾಗತಾಳಗಳ ಹೆಸರು ಕಂಡರೂ ಒಂದು ಪ್ರತಿಗೂ ಇನ್ನೊಂದಕ್ಕೂ ಅವು ಹೊಂದುವುದಿಲ್ಲ, ಹೊಂದಿದರೂ ಅಂದಿನ ನಡೆಯನ್ನು ತಿಳಿಸುವ ಸ್ವರಲಿಪಿ ಇಲ್ಲ. ಕರ್ನಾಟಕ ಸಂಗೀತದ ಕಲಿಕೆಗೆ ಮಾಯಾಮಾಳವಗೌಳದ ಸರಳೆ ವರಸೆಗಳಿಂದ ಅಡಿಪಾಯ ಹಾಕಿದವರೆಂದು ಸಂಗೀತಗಾರರೆಲ್ಲ ನಮಿಸುವ ದಾಸರು ತಮ್ಮ ಪದಗಳನ್ನು ಹೇಗೆ ಹಾಡುತ್ತಿದ್ದರೆಂಬುದು ಅವರೊಂದಿಗೇ ಹೋಯಿತು. ಆದ್ದರಿಂದ ದಾಸರ ಪದಗಳ ಮಟ್ಟಿಗೆ ಎಲ್ಲ ಹಾಡಿಕೆಯೂ ಮರುಗಾಯನವೇ. ಎಂ. ಎಲ್. ವಸಂತಕುಮಾರಿಯವರು ತಮಿಳುನಾಡಿನ ಕಛೇರಿಗಳಿಗೆ ಕೊಂಡೊಯ್ದ ದೇವರನಾಮಗಳು, ಗದಗದ ನೆಲದಿಂದ ಬಂದು ಕಿರಾಣಾ ಘರಾಣೆಯಲ್ಲಿ ಬೆಳೆದ ಭೀಮಸೇನ ಜೋಶಿಯವರ ದಾಸವಾಣಿ, ಸಂಜೆಯ ದೀಪದ ಮುಂದೆ ಮನೆಯ ಹಿರಿಯ ಹೆಂಗಸು ಗುನುಗುವ ಧಾಟಿ, ಎಲ್ಲವೂ ಕಳೆದುಹೋದ ಒಂದೇ ಧಾತುವಿಗೆ ಸಮಾನ ದೂರದಲ್ಲಿವೆ.

‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಎಂಬ ಪದವನ್ನು ದಕ್ಷಿಣದಲ್ಲಿ ಸಾಮಾನ್ಯವಾಗಿ ಮಧ್ಯಮಾವತಿಯಲ್ಲಿ ಹಾಡುತ್ತಾರೆ. ಶುಕ್ರವಾರದ ಪೂಜೆಗೆ ಒಪ್ಪುವ, ಮನೆಯೊಳಗಿನ ಮಂಗಳದ ಧಾಟಿ ಅದು. ಭೀಮಸೇನ ಜೋಶಿಯವರ ಹಾಡಿಕೆಯಲ್ಲಿ ಕರೆಯುವ ಆ ಒಂದು ಮಾತಿಗೆ ಬಂದಾಗ ದನಿ ಅಲ್ಲೇ ನಿಲ್ಲುತ್ತದೆ, ಮತ್ತೆ ಮತ್ತೆ ಅದನ್ನೇ ಬೇರೆ ಬೇರೆ ಸ್ವರಗಳಿಂದ ಎತ್ತುತ್ತದೆ, ಒಮ್ಮೆ ಮೊರೆಯಂತೆ, ಒಮ್ಮೆ ಹಕ್ಕಿನಿಂದ ಕೂಗಿದಂತೆ. ತುಂಬುಗೊರಳಿನ ಆ ಕರೆಯಲ್ಲಿ ಪೂಜೆಯ ಕೋಣೆಯ ಗೋಡೆಗಳು ಇಲ್ಲವಾಗುತ್ತವೆ. ಹೆಂಗಸರ ಪೂಜೆಯ ಹಾಡು ಗಂಡಸಿನ ಎದೆಯಾಳದ ಮೊರೆಯಾಗಿ ಮಾರ್ಪಟ್ಟದ್ದು ಎಲ್ಲರಿಗೂ ಒಪ್ಪಿಗೆಯಾಗಬೇಕೆಂದಿಲ್ಲ, ಮೃದುವಾದ ಹಳೆಯ ಧಾಟಿಯಲ್ಲಿ ಲಕ್ಷ್ಮಿ ಮಗಳಂತೆ ಮನೆಗೆ ಬರುತ್ತಿದ್ದಳೆಂದು ಹೇಳುವವರ ಮಾತಿನಲ್ಲೂ ಸತ್ಯವಿದೆ. ಆದರೆ ಕಾಯುವುದರಲ್ಲಿ ಇರುವ ತವಕ ಆ ಪದದಲ್ಲಿ ಮೊದಲಿನಿಂದ ಇತ್ತೆಂಬುದು ಅನೇಕರಿಗೆ ತಿಳಿದದ್ದು ಈ ಹಾಡಿಕೆಯಿಂದ. ಶಾರ್ಙ್ಗದೇವರು ಅತಿಶಯವೆಂದದ್ದು ಇಂಥದನ್ನೇ ಇರಬೇಕು.

ದಾಸರು ನಂಬಿದ್ದ ಮಾಧ್ವ ಸಿದ್ಧಾಂತದ ಬೆಳಕಿನಲ್ಲಿ ನೋಡಿದರೆ ‘ಮೂಲ’ವೆಂಬ ಪದವನ್ನೇ ಮರಳಿ ಪರಿಶೀಲಿಸಬೇಕಾಗುತ್ತದೆ. ಮಧ್ವಾಚಾರ್ಯರ ಮತದಲ್ಲಿ ಸ್ವತಂತ್ರನಾದವನು ವಿಷ್ಣು ಒಬ್ಬನೇ. ಜೀವರಿಗೆ ಕರ್ತೃತ್ವ ಉಂಟು, ಆದರೆ ಅದು ಅವನ ಅಧೀನ. ಹರಿ ಬಿಂಬ, ಜೀವ ಪ್ರತಿಬಿಂಬ. ಜೀವಜೀವರಲ್ಲಿ ತಾರತಮ್ಯವುಂಟು, ಎಂದರೆ ಎಲ್ಲ ಪ್ರತಿಬಿಂಬಗಳೂ ಒಂದೇ ಮಟ್ಟದವಲ್ಲ. ಹೀಗಿರುವಾಗ ಪದವನ್ನು ಕಟ್ಟಿದ ದಾಸರು ಬಿಂಬ, ನಂತರ ಹಾಡಿದವರು ಪ್ರತಿಬಿಂಬ ಎಂಬ ಎಣಿಕೆ ದಾಸರದೇ ದರ್ಶನದ ಪ್ರಕಾರ ನಿಲ್ಲುವುದಿಲ್ಲ. ಮೊದಲ ಹಾಡಿಕೆಯೂ ಪ್ರತಿಬಿಂಬವೇ. ಅಂದಮೇಲೆ ಒಂದು ಪ್ರತಿಬಿಂಬ ಇನ್ನೊಂದಕ್ಕಿಂತ ಸ್ಫುಟವಾಗಿರುವುದರಲ್ಲಿ ತರ್ಕದೋಷವಿಲ್ಲ. ಪುರಂದರದಾಸರನ್ನು ನಾರದರ ಅಂಶವೆಂದು ಪೂಜಿಸುವ ಸಂಪ್ರದಾಯ ಯಾವ ಗಾಯಕನನ್ನೂ ಅವರಿಗಿಂತ ಮೇಲಿಡದು, ಸಂಗೀತದಲ್ಲಿ ಮೀರಿದರೂ ಭಕ್ತಿಯಲ್ಲಿ ಮೀರಿದಂತಲ್ಲ ಎಂದು ಅದು ಉತ್ತರಿಸೀತು; ಆ ಉತ್ತರ ಗೌರವಕ್ಕೆ ಅರ್ಹವಾದದ್ದು, ಏಕೆಂದರೆ ಹಾಡು ದೇವರಿಗೆ ಮುಟ್ಟಿತೋ ಎಂಬುದನ್ನು ಅಳೆಯುವ ಶಕ್ತಿ ಕೇಳುಗನ ಕಿವಿಗಿಲ್ಲ.

ದಾಸರ ಮತ್ತು ಶರಣರ ರಚನೆಗಳ ಅಂಕಿತವೂ ಇದೇ ನಿಲುವನ್ನು ಹೇಳುತ್ತದೆ. ಅಂಕಿತವೆಂದರೆ ರಚನೆಯ ಕೊನೆಯಲ್ಲಿ ಬರುವ ಮುದ್ರೆ. ಅದರಿಂದಲೇ ಇದು ಇಂಥವರದೆಂದು ಗುರುತು ಸಿಗುತ್ತದೆ. ಆದರೆ ಪುರಂದರವಿಠಲ, ಕಾಗಿನೆಲೆಯಾದಿಕೇಶವ, ಕೂಡಲಸಂಗಮದೇವ, ಚೆನ್ನಮಲ್ಲಿಕಾರ್ಜುನ, ಇವೆಲ್ಲ ದೇವರ ಹೆಸರುಗಳು. ರಚಿಸಿದವರ ಸಹಿ ಇರಬೇಕಾದ ಜಾಗದಲ್ಲಿ ದೇವರ ಹೆಸರಿದೆ, ಆ ಹೆಸರಿನ ಮೂಲಕವೇ ರಚಿಸಿದವರೂ ನೆನಪಿಗೆ ಬರುತ್ತಾರೆ. ಹೀಗೆ ‘ನಾನು’ ಎಂಬ ಮಾತು ಹಾಡುವ ಪ್ರತಿಯೊಬ್ಬರಿಗೂ ತೆರೆದಿರುತ್ತದೆ, ಪದ ಎಲ್ಲಿಂದ ಬಂತೆಂಬುದೂ ಅಳಿಯುವುದಿಲ್ಲ. ಎರಡನ್ನೂ ಒಟ್ಟಿಗೆ ಉಳಿಸುವ ಇಂಥ ವ್ಯವಸ್ಥೆಯನ್ನು ಹಕ್ಕುಸ್ವಾಮ್ಯದ ಕಾನೂನು ಇನ್ನೂ ಕಂಡುಕೊಂಡಿಲ್ಲ. ಬಸವಣ್ಣನವರು ತಮಗೆ ತಾಳಮಾನದ ಲೆಕ್ಕ ತಿಳಿಯದು, ಒಲಿದಂತೆ ಹಾಡುವೆನೆಂಬ ಆಶಯದ ವಚನವನ್ನು ನುಡಿದವರು; ತಮ್ಮ ದೇಹವನ್ನೇ ವೀಣೆಯ ದಂಡಿಯನ್ನಾಗಿ, ತಲೆಯನ್ನು ಬುರುಡೆಯಾಗಿ, ನರಗಳನ್ನು ತಂತಿಯಾಗಿ ಮಾಡಿಕೊಂಡು ದೇವರೇ ನುಡಿಸಲೆಂದು ಬೇಡಿದವರೂ ಅವರೇ. ಎಂಟು ಶತಮಾನಗಳ ನಂತರ ಧಾರವಾಡದ ಬಳಿಯ ಮನ್ಸೂರಿನ ಮಲ್ಲಿಕಾರ್ಜುನರು ಜೈಪುರ–ಅತ್ರೌಲಿ ಘರಾಣೆಯ ಜಟಿಲವಾದ ರಾಗವಿದ್ಯೆಯನ್ನು ಕರಗತ ಮಾಡಿಕೊಂಡು ವಚನಗಳನ್ನು ಹಾಡಿದಾಗ, ತಾಳಮಾನ ಅರಿಯೆನೆಂದವರ ಮಾತಿಗೆ ತಾಳಮಾನದ ತುತ್ತತುದಿಯನ್ನು ಮುಟ್ಟಿದವರು ದನಿಯಾದರು. ವಚನದ ಬೇಡಿಕೆ ಇದರಿಂದ ಭಂಗವಾಯಿತೇ ಎಂದರೆ, ಇಲ್ಲ. ನುಡಿಸುವವನು ದೇವರೇ ಆಗಿದ್ದರೆ ಎರಡನೆಯ ವೀಣೆ ಮೊದಲಿನದಕ್ಕಿಂತ ಹೆಚ್ಚು ನಾದ ಕೊಡಬಾರದೆಂಬ ನಿಯಮ ಎಲ್ಲಿಯದು?

ಆದರೂ ಮೀರುವುದು ಒಂದು, ಮರೆಸುವುದು ಇನ್ನೊಂದು. ತೈತ್ತಿರೀಯ ಸಂಹಿತೆ ಬ್ರಾಹ್ಮಣನು ಮೂರು ಋಣಗಳೊಂದಿಗೆ ಹುಟ್ಟುತ್ತಾನೆ ಎನ್ನುವಾಗ ಋಷಿಗಳ ಋಣ ತೀರುವುದು ಬ್ರಹ್ಮಚರ್ಯದಿಂದ, ಎಂದರೆ ಅವರು ಕಂಡದ್ದನ್ನು ಕಲಿತು ಮರಳಿ ಹೇಳುವುದರಿಂದ ಎಂದು ಸೂಚಿಸುತ್ತದೆ. ಮರಳಿ ಹೇಳುವುದೇ ಸಾಲ ತೀರಿಸುವ ಬಗೆಯೆಂಬ ಈ ತಿಳಿವಳಿಕೆ ಮರುಗಾಯನಕ್ಕೂ ಸಲ್ಲುತ್ತದೆ. ಆದರೆ ಋಷಿಯ ಹೆಸರನ್ನು ಮಂತ್ರದೊಂದಿಗೇ ಹೇಳಬೇಕೆಂಬ ನಿಯಮವಿದ್ದಂತೆ ಇಲ್ಲಿಯೂ ಹೆಸರು ಉಳಿಯಬೇಕು. ಅಮೆರಿಕದಲ್ಲಿ 1950ರ ದಶಕದ ಅನೇಕ ಕವರ್‌ಗಳು ಈ ಋಣವನ್ನು ತೀರಿಸಲಿಲ್ಲ. ಕರಿಯ ಗಾಯಕಿ ಬಿಗ್ ಮಾಮಾ ಥಾರ್ನ್‌ಟನ್ ಅವರು ಹಾಡಿ 1953ರಲ್ಲಿ ಹೊರಬಂದ ‘ಹೌಂಡ್ ಡಾಗ್’ ಮೂರು ವರ್ಷಗಳ ನಂತರ ಎಲ್ವಿಸ್ ಪ್ರೀಸ್ಲಿಯವರ ಕೊರಳಲ್ಲಿ ಜಗತ್ತನ್ನೇ ಸುತ್ತಿತು. ತಮಗೆ ಅದರಿಂದ ಸಿಕ್ಕದ್ದು ಐನೂರು ಡಾಲರ್ ಮಾತ್ರವೆಂದು ಥಾರ್ನ್‌ಟನ್ ಹೇಳಿಕೊಂಡಿದ್ದರು. ಲಿಟಲ್ ರಿಚರ್ಡ್, ಫ್ಯಾಟ್ಸ್ ಡಾಮಿನೊ ಮೊದಲಾದ ಕರಿಯ ಕಲಾವಿದರ ಹಾಡುಗಳನ್ನು ಪ್ಯಾಟ್ ಬೂನ್ ಬಿಳಿಯ ಕೇಳುಗರಿಗಾಗಿ ನಯಗೊಳಿಸಿ ಹಾಡಿದಾಗ ಅವುಗಳಲ್ಲಿ ಅತಿಶಯವೂ ಇರಲಿಲ್ಲ, ಹಾಡು ಹುಟ್ಟಿದ ಬದುಕಿನ ಗುರುತೂ ಉಳಿಯಲಿಲ್ಲ. ಓಟಿಸ್ ರೆಡಿಂಗ್ 1965ರಲ್ಲಿ ಹಾಡಿದ ‘ರೆಸ್ಪೆಕ್ಟ್’ ಅನ್ನು 1967ರಲ್ಲಿ ಅರೀತಾ ಫ್ರಾಂಕ್ಲಿನ್ ಹಾಡಿದಾಗ ಆದದ್ದು ಬೇರೆ: ದುಡಿದು ಮನೆಗೆ ಬಂದ ಗಂಡಿನ ಬೇಡಿಕೆಯಾಗಿದ್ದದ್ದು ಹೆಣ್ಣಿನ ಬೇಡಿಕೆಯಾಯಿತು, ‘ನಾನು’ ಎಂಬ ಜಾಗಕ್ಕೆ ಬೇರೆಯವರು ಬಂದ ಕೂಡಲೇ ಗೌರವವನ್ನು ಕೇಳುವ ಹಕ್ಕು ಯಾರದೆಂಬುದೇ ಬದಲಾಯಿತು, ಮೂಲವನ್ನು ಬರೆದ ರೆಡಿಂಗ್ ಅವರ ಹೆಸರೂ ಅಳಿಯಲಿಲ್ಲ. ಬಾಬ್ ಡಿಲನ್ ಅವರು ಯೆಶಾಯನ ಪ್ರವಾದನೆಯ ಚಿತ್ರಗಳಿಂದ ಕಟ್ಟಿದ ‘ಆಲ್ ಅಲಾಂಗ್ ದ ವಾಚ್‌ಟವರ್’ 1967ರದು. ಮರುವರ್ಷ ಜಿಮಿ ಹೆಂಡ್ರಿಕ್ಸ್ ಅದನ್ನು ಗಿಟಾರಿನ ಬಿರುಗಾಳಿಯಲ್ಲಿ ಹಾಡಿದರು, ಹೆಂಡ್ರಿಕ್ಸ್ ತೀರಿಕೊಂಡ ಮೇಲೆ ಡಿಲನ್ ತಮ್ಮದೇ ಹಾಡನ್ನು ಅವರ ರೀತಿಯಲ್ಲಿ ಹಾಡತೊಡಗಿದರು, ಅದನ್ನು ಒಪ್ಪಿಕೊಳ್ಳಲು ಹಿಂಜರಿಯಲಿಲ್ಲ. ಇಲ್ಲಿ ಋಣ ಎರಡೂ ದಿಕ್ಕಿಗೆ ಹರಿದಿದೆ.

ಧ್ವನಿಮುದ್ರಣ ಬಂದ ಮೇಲೆ ಹೊಸದೊಂದು ಇಕ್ಕಟ್ಟು ಹುಟ್ಟಿದೆ. ಪುರಂದರದಾಸರ ಧಾತು ಉಳಿಯದೇ ಹೋದದ್ದರಿಂದ ನಂತರದವರಿಗೆ ಹಾಡುವ ಸ್ವಾತಂತ್ರ್ಯ ಸಿಕ್ಕಿತ್ತು. ಭೀಮಸೇನ ಜೋಶಿಯವರ ಧಾತು ಮಾತ್ರ ಅಚ್ಚಳಿಯದೆ ಉಳಿದಿದೆ. ಕರೆಯುವ ಮಾತಿನಲ್ಲಿ ಅವರು ಎಲ್ಲಿ ನಿಂತರೋ ಅಲ್ಲೇ ನಿಂತು, ಎಲ್ಲಿ ಎಳೆದರೋ ಅಲ್ಲೇ ಎಳೆದು ಹಾಡುವ ಕಿರಿಯ ಗಾಯಕರು ದಾಸವಾಣಿಯ ವೇದಿಕೆಗಳಲ್ಲಿ ಇಂದು ಎಷ್ಟೋ ಮಂದಿ. ಆನಂದವರ್ಧನರ ವಿಂಗಡಣೆಯಲ್ಲಿ ಅದು ಕನ್ನಡಿಯ ಪ್ರತಿಬಿಂಬ, ಶಾರ್ಙ್ಗದೇವರ ವಿಂಗಡಣೆಯಲ್ಲಿ ಅನುಕಾರ. ಜೋಶಿಯವರು ಆ ಪದಕ್ಕೆ ಕೊಟ್ಟ ಸ್ವಾತಂತ್ರ್ಯವನ್ನು ಅವರ ಹಾಡಿಕೆಯ ಮೇಲಿನ ಭಕ್ತಿಯೇ ಈಗ ಕಿತ್ತುಕೊಳ್ಳುತ್ತಿದೆ. ಅವರಂತೆಯೇ ಹಾಡುವವರು ದಾಸರ ಪದಕ್ಕೂ ಜೋಶಿಯವರಿಗೂ ಋಣಿಗಳಾಗಿಯೇ ಉಳಿಯುತ್ತಾರೆ. ಅದೇ ಪದವನ್ನು ತಮ್ಮ ವಯಸ್ಸಿನಿಂದ, ತಮ್ಮ ಮನೆಯ ಕಷ್ಟದಿಂದ, ತಮಗೆ ದೇವರೊಡನಿರುವ ಜಗಳದಿಂದ ಎತ್ತಿ ಹಾಡುವ ಧೈರ್ಯ ಮಾಡಿದವರು ಇಬ್ಬರ ಋಣವನ್ನೂ ತೀರಿಸುವ ದಾರಿಯಲ್ಲಿದ್ದಾರೆ, ಹಾಡಿಕೆ ಅಷ್ಟು ಚೆನ್ನಾಗಿ ಬಾರದೇ ಹೋದರೂ ಸಹ.